ಟರ್ಮಿನಲ್‌ನಲ್ಲಿ ಫೈಲ್ ಗಂಟು ಕಟ್ಟುವುದು, ಕುಗ್ಗಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ ನವನಗರದ ಫೋಟೋ ಸ್ಟುಡಿಯೋದವರು, ಇಳಕಲ್-ಬನಹಟ್ಟಿ ಕಡೆ ಕಂಪ್ಯೂಟರ್‌ನಲ್ಲಿ ಸೀರೆ ಡಿಸೈನ್ ಬಿಡಿಸುವವರು, ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಯವರು, ಲಿನಕ್ಸ್ ಕಲಿಯುತ್ತಿರುವ ಕಾಲೇಜು ಹುಡುಗರು. ಇವರ ಕೆಲಸ ಬೇರೆ ಬೇರೆ, ಆದರೆ ಫೈಲ್ ಕುಗ್ಗಿಸುವ ವಿಷಯಕ್ಕೆ ಬಂದರೆ ಕೇಳುವ ಪ್ರಶ್ನೆಗಳು ಸುತ್ತಿ ಸುತ್ತಿ ಅವೇ. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ. ಟರ್ಮಿನಲ್ ಅಂದರೆ ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಕಿಟಕಿ.

ಕಮಾಂಡ್‌ಗಳನ್ನು ಫೋನಿನಲ್ಲಿ ಬಾಯಿಂದ ಹೇಳುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಹಾಕಿ. ದೊಡ್ಡಕ್ಷರ ಬೇಕಾದ ಕಡೆ ಹಾಗಂತ ಹೇಳಿದ್ದೇನೆ. ಫೈಲಿನ ಹೆಸರು ಮಾತ್ರ ಕನ್ನಡದಲ್ಲೇ ಇದ್ದರೂ ಲಿನಕ್ಸ್‌ಗೆ ಏನೂ ತಕರಾರಿಲ್ಲ.

ಆರ್ಕೈವ್ ಮಾಡುವುದು, ಕಂಪ್ರೆಸ್ ಮಾಡುವುದು ಎರಡೂ ಒಂದೇ ಅಲ್ವಾ?

ಅಲ್ಲ. ಅರ್ಧ ಗೊಂದಲ ಹುಟ್ಟುವುದೇ ಇಲ್ಲಿ. ಆರ್ಕೈವ್ ಅಂದರೆ ಗಂಟು ಕಟ್ಟುವುದು. ಸಾವಿರ ಫೈಲ್ ಇದ್ದದ್ದು ಒಂದೇ ಫೈಲ್ ಆಗುತ್ತದೆ, ತೂಕ ಮಾತ್ರ ಅಷ್ಟೇ ಇರುತ್ತದೆ. ಕಂಪ್ರೆಸ್ ಅಂದರೆ ಹಿಂಡುವುದು. ಒಂದು ಫೈಲ್ ತೆಗೆದುಕೊಂಡು ಅದನ್ನೇ ಚಿಕ್ಕದು ಮಾಡುತ್ತದೆ.

ಯುನಿಕ್ಸ್ (ಲಿನಕ್ಸ್‌ಗೆ ಮಾದರಿಯಾದ ಹಳೇ ಆಪರೇಟಿಂಗ್ ಸಿಸ್ಟಂ) ಕಡೆ ಈ ಎರಡು ಕೆಲಸಕ್ಕೆ ಎರಡು ಪ್ರೋಗ್ರಾಂ. ಟಾರ್ ಗಂಟು ಕಟ್ಟುತ್ತದೆ, ಜಿಜಿಪ್ ಹಿಂಡುತ್ತದೆ. ಫೈಲಿನ ಹೆಸರು ಟಾರ್ ಡಾಟ್ ಜಿಝಡ್ ಅಂತ ಎರಡು ಬಾಲ ಹೊತ್ತು ಬರುವುದು ಅದಕ್ಕೇ. ವಿಂಡೋಸ್ ಕಡೆಯ ಜಿಪ್ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಹಾಗಾಗಿ ಅಲ್ಲಿಂದ ಬಂದವರಿಗೆ ಇವೆರಡು ಬೇರೆ ಅಂತ ಅನಿಸುವುದೇ ಇಲ್ಲ.

ಟಾರ್ ಹಳೇ ಮನುಷ್ಯ. 1979ರ ಏಳನೇ ಆವೃತ್ತಿಯ ಯುನಿಕ್ಸ್ ಜೊತೆ ಬಂದಿದ್ದು, ಮ್ಯಾಗ್ನೆಟಿಕ್ ಟೇಪಿಗೆ ಬರೆಯಲು ಮಾಡಿದ್ದು. ಹೆಸರಿನಲ್ಲೂ ಟೇಪ್ ಇದೆ (ಟೇಪ್ ಆರ್ಕೈವ್). ಆ ಕಾಲದ ಗುಣ ಇನ್ನೂ ಹೋಗಿಲ್ಲ. ಎಲ್ಲವನ್ನೂ 512 ಬೈಟ್‌ಗಳ ತುಂಡುಗಳಲ್ಲಿ ಇಡುತ್ತದೆ. ಪ್ರತಿ ಫೈಲಿನ ಮುಂದೆ ಹೆಸರು, ಗಾತ್ರ, ತಾರೀಖು, ಮಾಲೀಕ ಯಾರು ಎಂದು ಬರೆದ ಒಂದು ತುಂಡು, ಅದರ ಹಿಂದೆ ಫೈಲ್. ಹತ್ತು ಬೈಟಿನ ಫೈಲ್ ಹಾಕಿದರೂ ಗಂಟಿನಲ್ಲಿ 1024 ಬೈಟ್ ಹಿಡಿಯುತ್ತದೆ. ಚಿಕ್ಕ ಚಿಕ್ಕ ಫೈಲ್ ಸಾವಿರಾರು ಇದ್ದರೆ ಟಾರ್ ಮಾಡಿದ ಮೇಲೆ ಗಾತ್ರ ಜಾಸ್ತಿಯೇ ಆಗಿದ್ದು ಕಂಡರೆ ಗಾಬರಿ ಬೇಡ. ಆ ಖಾಲಿ ಜಾಗವೆಲ್ಲ ಬರೀ ಸೊನ್ನೆ. ಹಿಂಡಿದ ತಕ್ಷಣ ಮಾಯವಾಗುತ್ತದೆ.

ಟಾರ್‌ನ ಅಕ್ಷರಗಳು ತಲೆಯಲ್ಲಿ ನಿಲ್ಲಲ್ಲ. ಎಷ್ಟು ಗೊತ್ತಿದ್ದರೆ ಸಾಕು?

ನಾಲ್ಕು ಸಾಕು. ಸಿ ಅಂದರೆ ಕಟ್ಟು, ಎಕ್ಸ್ ಅಂದರೆ ಬಿಚ್ಚು, ಟಿ ಅಂದರೆ ಒಳಗೇನಿದೆ ತೋರಿಸು. ಈ ಮೂರರಲ್ಲಿ ಯಾವುದಾದರೂ ಒಂದು. ಜೊತೆಗೆ ಎಫ್, ಅದರ ಬೆನ್ನಿಗೇ ಗಂಟಿನ ಹೆಸರು.

ಟಾರ್ -ಸಿ -ಎಫ್ ಜಾತ್ರೆ.ಟಾರ್ ಜಾತ್ರೆ

ಇದು ಜಾತ್ರೆ ಎಂಬ ಫೋಲ್ಡರನ್ನು ಕಟ್ಟುತ್ತದೆ. ಜೊತೆಗೇ ಹಿಂಡಬೇಕೆಂದರೆ ಒಂದು -ಝಡ್ ಸೇರಿಸಿ, ಜಿಜಿಪ್ ಬಂತು. ಎಕ್ಸ್‌ಝಡ್ (ಇನ್ನೂ ಬಿಗಿಯಾಗಿ ಹಿಂಡುವ ಇನ್ನೊಂದು ಪ್ರೋಗ್ರಾಂ) ಬೇಕೆಂದರೆ ದೊಡ್ಡಕ್ಷರದ -ಜೆ. ಬಿಚ್ಚುವಾಗ ಇದು ಯಾವುದೂ ಬೇಡ. ಈಗಿನ ಟಾರ್ ಗಂಟನ್ನು ನೋಡಿ ತಾನೇ ಗುರುತು ಹಿಡಿಯುತ್ತದೆ. ಸುಮ್ನೆ -ಎಕ್ಸ್ -ಎಫ್ ಹಾಕಿದರೆ ಮುಗೀತು.

ಎರಡು ಗುಂಡಿಗಳಿವೆ, ಬೀಳಬೇಡಿ.

ಮೊದಲನೆಯದು: ಅಕ್ಷರಗಳನ್ನು ಒಟ್ಟಿಗೆ ಬರೆಯುವಾಗ ಎಫ್ ಕೊನೆಗೇ ಬರಬೇಕು. -ಸಿಝಡ್‌ಎಫ್ ಸರಿ. -ಸಿಎಫ್‌ಝಡ್ ಅಂದರೆ ಟಾರ್ ಅದನ್ನು "ಝಡ್ ಎಂಬ ಹೆಸರಿನ ಗಂಟು ಕಟ್ಟು" ಅಂತ ತಿಳಿಯುತ್ತದೆ. ಫೋಲ್ಡರಿನಲ್ಲಿ ಝಡ್ ಎಂಬ ಅನಾಥ ಫೈಲ್ ಬಿದ್ದಿರುವುದು ಕಂಡರೆ ಕಾರಣ ಇದೇ.

ಎರಡನೆಯದು ನಿಜಕ್ಕೂ ಅಪಾಯದ್ದು. ಗಂಟಿನ ಹೆಸರು ಕೊಡುವುದು ಮರೆತು ನೇರ ನಕ್ಷತ್ರ ಚಿಹ್ನೆ ಹಾಕಿಬಿಡುವುದು:

ಟಾರ್ -ಸಿ -ಎಫ್ *.ಜೆಪಿಜಿ

ಶೆಲ್ (ನೀವು ಟೈಪ್ ಮಾಡಿದ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ) ಆ ನಕ್ಷತ್ರದ ಜಾಗದಲ್ಲಿ ಫೋಟೋಗಳ ಹೆಸರನ್ನೆಲ್ಲ ತುಂಬಿಸುತ್ತದೆ. ಎಫ್ ಆದ ಮೇಲೆ ಮೊದಲು ಸಿಕ್ಕ ಹೆಸರೇ ಗಂಟಿನ ಹೆಸರು ಅಂತ ಟಾರ್ ನಂಬುತ್ತದೆ. ಪರಿಣಾಮ? ಸಾಲಿನ ಮೊದಲ ಫೋಟೋ ಅಳಿಸಿಹೋಗಿ ಅದರ ಹೆಸರಿನಲ್ಲೇ ಉಳಿದ ಫೋಟೋಗಳ ಗಂಟು ಕೂತಿರುತ್ತದೆ. ಎಚ್ಚರಿಕೆ ಇಲ್ಲ, "ಖಚಿತವಾ?" ಅಂತ ಕೇಳುವುದಿಲ್ಲ. ಅದಕ್ಕೇ ಫೋಲ್ಡರಿನ ಒಳಗೆ ನಿಂತು ನಕ್ಷತ್ರ ಹಾಕುವ ಬದಲು ಒಂದು ಮೆಟ್ಟಿಲು ಹೊರಗೆ ಬಂದು ಫೋಲ್ಡರನ್ನೇ ಕಟ್ಟಿ.

ಲಗ್ನದ ಫೋಟೋ, ವಿಡಿಯೋ ಎಲ್ಲ ಸೇರಿ 60 ಜಿಬಿ. ಗಂಟೆಗಟ್ಟಲೆ ಹಿಂಡಿದರೂ ಕಡಿಮೆ ಆಗಿದ್ದು ಅಷ್ಟಕ್ಕಷ್ಟೇ. ಸಾಫ್ಟ್‌ವೇರ್ ಸರಿ ಇಲ್ವಾ?

ಸಾಫ್ಟ್‌ವೇರ್ ಸರಿಯಾಗೇ ಇದೆ. ಹಿಂಡಲು ಒಳಗೆ ಏನೂ ಉಳಿದಿಲ್ಲ ಅಷ್ಟೇ. ಜೆಪೆಗ್ ಫೋಟೋ, ಎಂಪಿ4 ವಿಡಿಯೋ, ಎಂಪಿ3 ಹಾಡು ಇವೆಲ್ಲ ಹುಟ್ಟುವಾಗಲೇ ಹಿಂಡಿಕೊಂಡೇ ಹುಟ್ಟುತ್ತವೆ. ಕ್ಯಾಮೆರಾದ ರಾ ಫೈಲುಗಳೂ ಬಹುತೇಕ ಹಾಗೇ. ಹಿಂಡುವ ಪ್ರೋಗ್ರಾಂ ಹುಡುಕುವುದು ಮತ್ತೆ ಮತ್ತೆ ಬರುವ ತುಣುಕುಗಳನ್ನು. ಒಮ್ಮೆ ಚೆನ್ನಾಗಿ ಹಿಂಡಿದ ಫೈಲಿನಲ್ಲಿ ಅಂಥದ್ದು ಸಿಗುವುದಿಲ್ಲ. ಎರಡನೇ ಸಲ ಹಿಂಡಿದರೆ ನೂರಕ್ಕೆ ಒಂದೆರಡು ಪಾಲು ಇಳಿದರೆ ಪುಣ್ಯ. ಒಂದೊಂದು ಸಲ ಎಳ್ಳಷ್ಟು ಏರುವುದೂ ಉಂಟು.

ಡಿಟಿಪಿಯವರಿಗೂ ಇದೇ ಮಾತು. ಡಾಕ್ಎಕ್ಸ್, ಎಕ್ಸ್‌ಎಲ್‌ಎಸ್‌ಎಕ್ಸ್, ಲಿಬ್ರೆಆಫೀಸಿನ ಒಡಿಟಿ ಫೈಲ್‌ಗಳು ಅಸಲಿಗೆ ಬೇರೆ ಹೆಸರಿನ ಜಿಪ್‌ಗಳೇ. ನಂಬಿಕೆ ಬರದಿದ್ದರೆ ಒಂದು ಡಾಕ್ಎಕ್ಸ್ ಮೇಲೆ ಅನ್‌ಜಿಪ್ -ಎಲ್ ಓಡಿಸಿ, ಒಳಗಿನ ಪಟ್ಟಿಯೇ ಬರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ: ಲಗ್ನದ ಫೋಟೋಗೆ, ಬನಶಂಕರಿ ಜಾತ್ರೆ ವಿಡಿಯೋಗೆ ಬರೀ ಟಾರ್ ಸಾಕು. ಝಡ್ ಬೇಡ, ಜೆ ಬೇಡ. ಹಾರ್ಡ್ ಡಿಸ್ಕ್ ಎಷ್ಟು ಜೋರಾಗಿ ಬರೆಯುತ್ತದೋ ಅಷ್ಟು ಹೊತ್ತಿನಲ್ಲಿ ಕೆಲಸ ಮುಗಿಯುತ್ತದೆ. ಮೇಲಾಗಿ ಮುಂದೆ ಡಿಸ್ಕ್ ಕೈಕೊಟ್ಟರೆ ಹಿಂಡದ ಗಂಟಿನಿಂದ ಫೋಟೋ ಉಳಿಸಿಕೊಳ್ಳುವುದು ಸುಲಭ. ಅದು ಹೇಗೆ ಅಂತ ಕೆಳಗೆ ಹೇಳಿದ್ದೇನೆ. ಜಾಗ ಉಳಿಸಲೇಬೇಕು ಅಂದರೆ ಕಣ್ಣು ಮುಚ್ಚಿದ, ಅಲುಗಾಡಿದ ಫೋಟೋ ತೆಗೆದುಹಾಕಿ. ಅದರಷ್ಟು ಹಿಂಡುವ ಪ್ರೋಗ್ರಾಂ ಇನ್ನೂ ಬಂದಿಲ್ಲ.

ಹಾಗಾದರೆ ಚೆನ್ನಾಗಿ ಕುಗ್ಗುವುದು ಯಾವುದು?

ಬಿಎಂಪಿ ಚಿತ್ರ, ಅಕ್ಷರ ಮಾತ್ರ ಇರುವ ಫೈಲ್, ಲಾಗ್, ಡೇಟಾಬೇಸ್ ಡಂಪ್, ಹಳೇ ಪೇಜ್‌ಮೇಕರ್ ಫೈಲ್. ಇದರಲ್ಲಿ ಸೀರೆ ಡಿಸೈನ್ ಫೈಲಂತೂ ಒಳ್ಳೇ ಉದಾಹರಣೆ. ಬಿಡಿಸಿ ಹೇಳುತ್ತೇನೆ.

ಜಕಾರ್ಡ್ (ಮಗ್ಗದಲ್ಲಿ ಚಿತ್ತಾರ ನೇಯುವ ಸಾಧನ) ಡಿಸೈನ್ ಒಂದನ್ನು 4000 ಚುಕ್ಕಿ ಅಗಲ, 3000 ಚುಕ್ಕಿ ಎತ್ತರಕ್ಕೆ ಬಿಡಿಸಿ 24-ಬಿಟ್ ಬಿಎಂಪಿಯಾಗಿ ಉಳಿಸಿದ್ದೀರಿ ಅಂದುಕೊಳ್ಳಿ. ಚುಕ್ಕಿಗೆ 3 ಬೈಟ್. ಒಂದು ಸಾಲಿಗೆ 12,000 ಬೈಟ್, ಒಟ್ಟು 3 ಕೋಟಿ 60 ಲಕ್ಷ ಬೈಟ್. ಆದರೆ ಡಿಸೈನಿನಲ್ಲಿ ಇರುವ ಬಣ್ಣ ಎಷ್ಟು? ನಾಲ್ಕೋ ಐದೋ. ಗೋಮಿ ದಡಿಯ (ಇಳಕಲ್ ಸೀರೆಯ ಒಂದು ಬಗೆಯ ಅಂಚು) ಒಂದು ಮಾದರಿ ಮೇಲಿಂದ ಕೆಳಗಿನವರೆಗೆ ಅದೇ ಅದೇ ಬರುತ್ತದೆ.

ಜಿಜಿಪ್ ಒಳಗಿನ ವಿಧಾನಕ್ಕೆ ಡಿಫ್ಲೇಟ್ ಅಂತ ಹೆಸರು. ಅದರಲ್ಲಿ ಎರಡು ಹೆಜ್ಜೆ. ಲೆಂಪೆಲ್ ಮತ್ತು ಜಿವ್ 1977ರಲ್ಲಿ ಕೊಟ್ಟ ಉಪಾಯ ಮೊದಲನೆಯದು: ಈಗ ಬಂದ ತುಣುಕು ಹಿಂದೆ ಬಂದಿತ್ತಾ ನೋಡು, ಬಂದಿದ್ದರೆ "ಇಷ್ಟು ಹಿಂದೆ ಹೋಗಿ ಇಷ್ಟುದ್ದ ನಕಲು ಮಾಡಿಕೋ" ಅಂತ ಮಾತ್ರ ಬರೆ. ಎರಡನೆಯದು ಹಫ್‌ಮನ್ 1952ರಲ್ಲಿ ಕೊಟ್ಟದ್ದು: ಜಾಸ್ತಿ ಬರುವುದಕ್ಕೆ ಚಿಕ್ಕ ಸಂಕೇತ, ಅಪರೂಪಕ್ಕೆ ಬರುವುದಕ್ಕೆ ಉದ್ದ ಸಂಕೇತ.

ಈಗ ಮುಖ್ಯ ವಿಷಯ. ಜಿಜಿಪ್ ಹಿಂತಿರುಗಿ ನೋಡುವುದು 32 ಕೆಬಿಯಷ್ಟು ದೂರ ಮಾತ್ರ. ನಮ್ಮ ಡಿಸೈನಿನಲ್ಲಿ ಅದು ಎರಡು ಮುಕ್ಕಾಲು ಸಾಲು! ಪಕ್ಕದ ಸಾಲು ಇದೇ ಥರ ಇದ್ದರೆ ಅದಕ್ಕೆ ಗೊತ್ತಾಗುತ್ತದೆ. ಆದರೆ ನಾನೂರು ಸಾಲಿಗೊಮ್ಮೆ ಮತ್ತೆ ಬರುವ ಅದೇ ಹೂವು ಅದರ ಕಣ್ಣಿಗೆ ಬೀಳುವುದಿಲ್ಲ, ಪ್ರತಿ ಸಲ ಹೊಸದಾಗಿ ಬರೆಯುತ್ತದೆ. ಎಕ್ಸ್‌ಝಡ್ ಏನೂ ಹೇಳದಿದ್ದರೂ 8 ಎಂಬಿ ಹಿಂದಕ್ಕೆ ನೋಡುತ್ತದೆ. ಅಂದರೆ ಹತ್ತಿರ ಹತ್ತಿರ 700 ಸಾಲು. ನಾನೂರನೇ ಸಾಲಿನ ಹೂವು ಅದಕ್ಕೆ ಸಿಕ್ಕೇ ಸಿಗುತ್ತದೆ. ಇಂಥ ಫೈಲಿಗೆ ಜಿಜಿಪ್ ಕೂಡ ಚೆನ್ನಾಗೇ ಹಿಂಡುತ್ತದೆ, ಎಕ್ಸ್‌ಝಡ್ ಅದನ್ನೂ ಮೀರಿಸುತ್ತದೆ. ನಿಮ್ಮದೇ ಒಂದು ಡಿಸೈನ್ ಮೇಲೆ ಎರಡನ್ನೂ ಓಡಿಸಿ ನೋಡಿ, ಫರಕು ಕಣ್ಣಿಗೆ ಹೊಡೆಯುತ್ತದೆ.

ಡಿಸೈನನ್ನು ಯಾರಾದರೂ ಜೆಪೆಗ್ ಮಾಡಿ ಕಳಿಸಿ ಅಂದರೆ ಒಪ್ಪಬೇಡಿ. ಜೆಪೆಗ್ ಕುಗ್ಗಿಸುವುದು ಮಾಹಿತಿ ಬಿಸಾಡಿ. ಅಂಚಿನಲ್ಲಿ ಇಲ್ಲದ ಬಣ್ಣ ಹುಟ್ಟುತ್ತದೆ, ನಾಲ್ಕು ಬಣ್ಣದ ಡಿಸೈನ್ ನಾನೂರು ಬಣ್ಣದ್ದಾಗುತ್ತದೆ. ಇಲ್ಲಿ ಹೇಳುತ್ತಿರುವ ಟೂಲ್‌ಗಳು ಒಂದು ಬಿಟ್ಟನ್ನೂ ಬಿಸಾಡುವುದಿಲ್ಲ. ಬಿಚ್ಚಿದಾಗ ಹೇಗಿತ್ತೋ ಹಾಗೇ ಸಿಗುತ್ತದೆ.

ಕನ್ನಡ ಟೆಕ್ಸ್ಟ್ ಫೈಲ್ ಇಂಗ್ಲಿಷಿಗಿಂತ ಜಾಸ್ತಿ ಜಾಗ ತಿನ್ನುತ್ತೆ ಅಂತಾರೆ. ನಿಜಾನಾ?

ಹಿಂಡದೆ ಇಟ್ಟರೆ ನಿಜ. ಯುಟಿಎಫ್-8ರಲ್ಲಿ (ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ರೀತಿ) ಕನ್ನಡದ ಒಂದೊಂದು ಅಕ್ಷರ, ಒಂದೊಂದು ಕೊಂಬು, ಇಳಿ ಎಲ್ಲದಕ್ಕೂ 3 ಬೈಟ್, ಒತ್ತಿಗೆ 6. "ಬಾಗಲಕೋಟೆ" ಅಂತ ಬರೆದರೆ 24 ಬೈಟ್. ಅದೇ ಇಂಗ್ಲಿಷಿನಲ್ಲಿ 9.

ಆದರೆ ಆ ಮೂರು ಬೈಟಿನಲ್ಲಿ ಮೊದಲನೆಯದು ಕನ್ನಡದ ಎಲ್ಲಾ ಅಕ್ಷರಕ್ಕೂ ಒಂದೇ. ಎರಡನೆಯದು ಎರಡೇ ಎರಡು ಬಗೆ. ನಿಜವಾದ ಸುದ್ದಿ ಇರುವುದು ಮೂರನೆಯದರಲ್ಲಿ. ಹಿಂಡುವ ಪ್ರೋಗ್ರಾಮಿಗೆ ಇದು ಹಬ್ಬದೂಟ. ಹಾಗಾಗಿ ಹಿಂಡಿದ ಮೇಲೆ ಕನ್ನಡಕ್ಕೂ ಇಂಗ್ಲಿಷಿಗೂ ಇದ್ದ ಆ ದೊಡ್ಡ ಅಂತರ ಬಹಳ ಮಟ್ಟಿಗೆ ಕರಗುತ್ತದೆ. ಜಾಗ ಉಳಿಸಲು ಹಳೇ ನುಡಿ ಫಾಂಟಿನ ಆಸ್ಕಿ ಫೈಲನ್ನೇ ಇಟ್ಟುಕೊಂಡಿದ್ದೇವೆ ಅನ್ನುವವರು ಇದನ್ನೊಮ್ಮೆ ಯೋಚಿಸಿ. ಯೂನಿಕೋಡ್ ಮಾಡಿ ಹಿಂಡಿಟ್ಟರೆ ಜಾಗದ ಚಿಂತೆ ಹೋಗುತ್ತದೆ, ಹುಡುಕಿದರೂ ಸಿಗುತ್ತದೆ.

ಜಿಜಿಪ್, ಬಿಜಿಪ್2, ಎಕ್ಸ್‌ಝಡ್, ಝಡ್‌ಸ್ಟ್ಯಾಂಡರ್ಡ್. ಯಾವುದನ್ನು ಹಿಡಿಯಲಿ?

ಜಿಜಿಪ್ ಎಲ್ಲಾ ಕಡೆ ಇದೆ. 1992ರಲ್ಲಿ ಜಾನ್-ಲೂಪ್ ಗೈಯಿ ಮತ್ತು ಮಾರ್ಕ್ ಆಡ್ಲರ್ ಮಾಡಿದ್ದು. ಅದಕ್ಕೂ ಮುಂಚೆ ಇದ್ದ ಕಂಪ್ರೆಸ್ ಎಂಬ ಪ್ರೋಗ್ರಾಮಿನ ವಿಧಾನಕ್ಕೆ ಪೇಟೆಂಟ್ ತಂಟೆ ಇತ್ತು, ಅದರಿಂದ ತಪ್ಪಿಸಿಕೊಳ್ಳಲು ಹುಟ್ಟಿದ್ದು ಇದು. ಬಿಚ್ಚುವವರ ಹತ್ತಿರ ಏನಿದೆಯೋ ಗೊತ್ತಿಲ್ಲ ಅಂದಾಗ ಇದೇ ಸರಿ. ದೋಷ ಅಂದರೆ ಪ್ರೊಸೆಸರಿನ ಒಂದೇ ಕೋರ್ (ಲೆಕ್ಕ ಮಾಡುವ ಘಟಕ) ಬಳಸುತ್ತದೆ. ಎಂಟು ಕೋರ್ ಇದ್ದರೂ ಏಳು ಸುಮ್ಮನೆ ಕೂತಿರುತ್ತವೆ. ಆಡ್ಲರ್ ಅವರದ್ದೇ ಪಿಗ್ಝ್ ಅಂತ ಇನ್ನೊಂದಿದೆ, ಅದು ಎಲ್ಲಾ ಕೋರ್‌ಗಳಿಗೂ ಕೆಲಸ ಹಚ್ಚುತ್ತದೆ. ಹೊರಬರುವುದು ಮಾತ್ರ ಮಾಮೂಲಿ ಜಿಝಡ್ ಫೈಲೇ.

ಬಿಜಿಪ್2 ಅನ್ನು ಜೂಲಿಯನ್ ಸೆವರ್ಡ್ 1996ರಲ್ಲಿ ತಂದರು. ಈಗ ಹೊಸದಾಗಿ ಇದನ್ನು ಹಿಡಿಯಲು ಕಾರಣ ಕಾಣುವುದಿಲ್ಲ. ಹಳೇ ಫೈಲ್ ಬಂದರೆ ಬಿಚ್ಚಲು ಇರಲಿ.

ಎಕ್ಸ್‌ಝಡ್ ಚೆನ್ನಾಗಿ ಹಿಂಡುತ್ತದೆ, ನಿಧಾನ. ಬಿಚ್ಚುವುದು ಅಷ್ಟು ನಿಧಾನವಲ್ಲ. ಒಮ್ಮೆ ಹಿಂಡಿ ವರ್ಷಗಟ್ಟಲೆ ಇಡುವ ಫೈಲಿಗೆ ಇದು. ದೊಡ್ಡಕ್ಷರದ -ಟಿ0 ಹಾಕಿದರೆ ಎಲ್ಲಾ ಕೋರ್ ಬಳಸುತ್ತದೆ.

ಝಡ್‌ಸ್ಟ್ಯಾಂಡರ್ಡ್ ಯಾನ್ ಕೊಲೆ ಫೇಸ್‌ಬುಕ್‌ನಲ್ಲಿದ್ದಾಗ ಮಾಡಿದ್ದು, 2016ರಲ್ಲಿ ಹೊರಬಂತು. ಕಮಾಂಡ್ ಹೆಸರು ಝಡ್‌ಎಸ್‌ಟಿಡಿ. ಜಿಜಿಪ್‌ಗಿಂತ ಬಹಳ ಬೇಗ, ಗಾತ್ರವೂ ಸಾಮಾನ್ಯವಾಗಿ ಕಡಿಮೆ. ನಿಮ್ಮದೇ ಮಷೀನ್, ನೀವೇ ಬಿಚ್ಚುವವರು ಅಂದರೆ ಕಣ್ಣು ಮುಚ್ಚಿ ಇದನ್ನೇ ಹಿಡಿಯಿರಿ. ನಾನು ದಿನಾ ಬಳಸುವುದು ಇದನ್ನೇ.

ಹಿಂಡುವ ಮಟ್ಟ ಯಾವಾಗಲೂ 9 (ಅತಿ ಬಿಗಿ) ಹಾಕಿದರೆ ಒಳ್ಳೇದಲ್ವಾ?

ಬೇಡ. ಜಿಜಿಪ್ ಏನೂ ಹೇಳದಿದ್ದರೆ 6ರಲ್ಲಿ ಓಡುತ್ತದೆ. 9ಕ್ಕೆ ಹೋದರೆ ಹೊತ್ತು ಜಾಸ್ತಿ, ಲಾಭ ಚಿಲ್ಲರೆ. ಎಕ್ಸ್‌ಝಡ್‌ನಲ್ಲಿ 9 ಅಂದರೆ ಹಿಂಡಲು 674 ಎಂಬಿ, ಬಿಚ್ಚಲು 65 ಎಂಬಿ ಮೆಮೊರಿ ಬೇಕು. ಮಾಮೂಲಿ 6ಕ್ಕೆ 94 ಮತ್ತು 9 ಎಂಬಿ ಸಾಕು. 2 ಜಿಬಿ ರ್‍ಯಾಮಿನ ಅಂಗಡಿ ಕಂಪ್ಯೂಟರ್‌ನಲ್ಲಿ 9 ಹಾಕಿ ಕೋರೆಲ್ ಕೂಡ ತೆರೆದಿಟ್ಟರೆ ಮೌಸ್ ಕೂಡ ಅಲ್ಲಾಡುವುದಿಲ್ಲ. ಫೈಲ್ 8 ಎಂಬಿಗಿಂತ ಚಿಕ್ಕದಿದ್ದರೆ 6ರ ಮೇಲೆ ಹೋಗಿ ಉಪಯೋಗವೂ ಇಲ್ಲ.

ಜಿಜಿಪ್ ಮಾಡಿದೆ, ಮೂಲ ಫೈಲೇ ಕಾಣ್ತಿಲ್ಲ!

ಅದರ ರೂಢಿಯೇ ಹಾಗೆ. ಹಿಂಡಿ ಮುಗಿದ ಮೇಲೆ ಮೂಲವನ್ನು ತೆಗೆದುಹಾಕುತ್ತದೆ. ಬಿಜಿಪ್2, ಎಕ್ಸ್‌ಝಡ್ ಕೂಡ ಅದೇ. ಮೂಲ ಉಳಿಯಬೇಕಾದರೆ -ಕೆ ಹಾಕಿ. ಝಡ್‌ಎಸ್‌ಟಿಡಿ ಮಾತ್ರ ಮೂಲ ಮುಟ್ಟುವುದಿಲ್ಲ. ಟಾರ್ ಒಳಗಿಂದ ಝಡ್ ಹಾಕಿ ಹಿಂಡಿದಾಗಲೂ ನಿಮ್ಮ ಫೋಲ್ಡರ್ ಹಾಗೇ ಇರುತ್ತದೆ.

ಗಿರಾಕಿ ಹತ್ತಿರ ವಿಂಡೋಸ್ ಇದೆ. ಏನು ಕೊಡಲಿ?

ಜಿಪ್ ಕೊಡಿ, ಮಾತೇ ಬೇಡ. 1989ರಲ್ಲಿ ಫಿಲ್ ಕಾಟ್ಜ್ ಅವರ ಪಿಕೆಜಿಪ್ ಜೊತೆ ಬಂದ ಈ ರೂಪ ಇವತ್ತಿಗೂ ಡಬಲ್ ಕ್ಲಿಕ್ಕಿಗೆ ತೆರೆಯುತ್ತದೆ. ಯಾವುದೇ ಜಿಪ್ ಫೈಲಿನ ಮೊದಲ ಎರಡು ಅಕ್ಷರ ಪಿ ಮತ್ತು ಕೆ. ಅದು ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು.

ಜಿಪ್ -ಆರ್ ಆಲ್ಬಮ್.ಜಿಪ್ ಆಲ್ಬಮ್

-ಆರ್ ಮರೆತರೆ ಖಾಲಿ ಫೋಲ್ಡರಿನ ಹೆಸರೊಂದೇ ಹೋಗುತ್ತದೆ, ಫೋಟೋ ಇರುವುದಿಲ್ಲ. ಒಳಗಿರುವುದೆಲ್ಲ ಜೆಪೆಗ್ ಆದರೆ -0 ಸೇರಿಸಿ. ಆಗ ಹಿಂಡದೆ ಬರೀ ತುಂಬುತ್ತದೆ, ಬೇಗ ಆಗುತ್ತದೆ.

ಅಂದಹಾಗೆ ವಿಂಡೋಸ್ 10ಕ್ಕೆ 2018ರ ಹೊತ್ತಿಗೆ ಟಾರ್ ಕಮಾಂಡ್ ಸೇರಿದೆ. ಕಮಾಂಡ್ ಪ್ರಾಂಪ್ಟ್ ತೆರೆದು ಟಾರ್ -ಎಕ್ಸ್ -ಎಫ್ ಹಾಕಿದರೆ ಕೆಲಸ ಮಾಡುತ್ತದೆ. ಗಿರಾಕಿಗೆ ಇದನ್ನು ಫೋನಿನಲ್ಲಿ ವಿವರಿಸುವ ತಾಳ್ಮೆ ನಿಮಗಿದ್ದರೆ ಸರಿ.

ಜಿಪ್ ಬಿಚ್ಚಿದರೆ ಕನ್ನಡ ಹೆಸರುಗಳೆಲ್ಲ ಚಿತ್ರವಿಚಿತ್ರ ಅಕ್ಷರ ಆಗಿವೆ.

ಫೈಲ್ ಕೆಟ್ಟಿಲ್ಲ, ಹೆಸರು ಮಾತ್ರ ಕೆಟ್ಟಿದೆ. ಜಿಪ್ ಹುಟ್ಟಿದಾಗ ಯೂನಿಕೋಡ್ ಇರಲಿಲ್ಲ. ಹೆಸರು ಯುಟಿಎಫ್-8ರಲ್ಲಿದೆ ಎಂದು ಹೇಳುವ ಗುರುತು ಜಿಪ್ ನಿಯಮಕ್ಕೆ ಸೇರಿದ್ದು 2006ರಲ್ಲಿ. ಆ ಗುರುತು ಹಾಕದ ಹಳೇ ಪ್ರೋಗ್ರಾಂ ಕಟ್ಟಿದ್ದನ್ನು ಬೇರೆಯದು ಬಿಚ್ಚಿದರೆ ಹೀಗಾಗುತ್ತದೆ. ವಿಂಡೋಸ್ 7ರ ಕಾಲದಲ್ಲಂತೂ ಕನ್ನಡ ಹೆಸರಿನ ಫೈಲನ್ನು ಜಿಪ್ ಮಾಡಲು ವಿಂಡೋಸ್ ಒಪ್ಪುತ್ತಲೇ ಇರಲಿಲ್ಲ. ಎರಡೂ ಕಡೆ 7-ಜಿಪ್ (ಪುಕ್ಕಟೆ ಸಿಗುವ ಇನ್ನೊಂದು ಪ್ರೋಗ್ರಾಂ) ಬಳಸಿದರೆ ತೊಂದರೆ ತಪ್ಪುತ್ತದೆ.

ಇನ್ನೊಂದು ಮಿತಿ ಗೊತ್ತಿರಲಿ. ಲಿನಕ್ಸಿನಲ್ಲಿ ಒಂದು ಫೈಲಿನ ಹೆಸರಿಗೆ 255 ಬೈಟ್. ಕನ್ನಡಕ್ಕೆ ಮೂರರಿಂದ ಭಾಗಿಸಿ, 85 ಬಂತು. ಅದರಲ್ಲಿ ಕೊಂಬು, ಒತ್ತು ಎಲ್ಲ ಲೆಕ್ಕ. ಮದುಮಕ್ಕಳು, ಅವರ ತಂದೆ-ತಾಯಿ, ಮನೆತನ, ಕಲ್ಯಾಣ ಮಂಟಪ ಎಲ್ಲವನ್ನೂ ಫೈಲಿನ ಹೆಸರಿನಲ್ಲೇ ತುಂಬುವವರು ಗಮನಿಸಿ.

5 ಜಿಬಿ ಗಂಟು ಪೆನ್ ಡ್ರೈವಿಗೆ ಹೋಗ್ತಿಲ್ಲ. ಜಾಗ ಇದೆಯಲ್ಲ?

ಪೆನ್ ಡ್ರೈವ್ ಫ್ಯಾಟ್32 ಎಂಬ ಹಳೇ ಬಗೆಯ ಫಾರ್ಮ್ಯಾಟ್‌ನಲ್ಲಿದೆ ಅನಿಸುತ್ತದೆ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಖಾಲಿ ಪೆನ್ ಡ್ರೈವ್ ಆದರೆ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಮುಗೀತು. ಆಗದಿದ್ದರೆ ತುಂಡು ಮಾಡಿ:

ಸ್ಪ್ಲಿಟ್ -ಬಿ 3ಜಿ ಲಗ್ನ.ಟಾರ್ ಲಗ್ನ.ಟಾರ್.

ಕೊನೆಯ ಚುಕ್ಕಿ ಬಿಡಬೇಡಿ, 3ರ ಮುಂದಿನ ಜಿ ದೊಡ್ಡಕ್ಷರ. ತುಂಡುಗಳ ಬಾಲಕ್ಕೆ ಎಎ, ಎಬಿ ಅಂತ ಬರುತ್ತದೆ. ಸೇರಿಸುವಾಗ ಕ್ಯಾಟ್ ಲಗ್ನ.ಟಾರ್.* > ಲಗ್ನ.ಟಾರ್ ಸಾಕು. ಅಕ್ಷರ ಕ್ರಮದಲ್ಲೇ ಜೋಡಿಸುತ್ತದೆ. ಒಂದು ತುಂಡು ಕಳೆದರೆ ಅಲ್ಲಿಂದ ಮುಂದಿನದು ಕಷ್ಟ, ಅದಕ್ಕೆ ಎಲ್ಲಾ ತುಂಡು ಒಂದೇ ಪೆನ್ ಡ್ರೈವಿನಲ್ಲಿಡಿ. ತೆಗೆಯುವ ಮುಂಚೆ ಸಿಂಕ್ ಅಂತ ಒಂದು ಕಮಾಂಡ್ ಹೊಡೆದು ಅದು ಮುಗಿಯುವವರೆಗೆ ಕಾಯಿರಿ. ಪರದೆ ಮೇಲೆ ಮುಗಿದ ಹಾಗೆ ಕಂಡರೂ ಪೆನ್ ಡ್ರೈವಿಗೆ ಬರೆಯುವುದು ಹಿಂದೆ ನಡೆಯುತ್ತಲೇ ಇರುತ್ತದೆ.

ಜಿಮೇಲ್‌ನಲ್ಲಿ 25 ಎಂಬಿ ಅಂತಾರೆ, 22 ಎಂಬಿ ಕೂಡ ಹೋಗ್ತಿಲ್ಲ.

ಮೇಲ್ ಕಳಿಸುವಾಗ ಫೈಲನ್ನು ಅಕ್ಷರರೂಪಕ್ಕೆ ತಿರುಗಿಸುತ್ತಾರೆ. ಗಾತ್ರ ಮೂರನೇ ಒಂದು ಪಾಲು ಏರುತ್ತದೆ. 18 ಎಂಬಿ ಒಳಗಿರಲಿ.

ಆಧಾರ್, ಪಹಣಿ ಸ್ಕ್ಯಾನ್‌ಗಳಿವೆ. ಜಿಪ್‌ಗೆ ಪಾಸ್‌ವರ್ಡ್ ಹಾಕಿದರೆ ಸಾಕಾ?

ಜಿಪ್ -ಇ ಹಾಕುವ ಬೀಗ ಹಳೇ ಕಾಲದ್ದು. ಒಳಗಿನ ಒಂದಿಷ್ಟು ಬೈಟ್ ಏನೆಂದು ಊಹಿಸಲು ಆದರೆ ಅದನ್ನು ಒಡೆಯುವ ದಾರಿಯನ್ನು 1994ರಲ್ಲೇ ಪ್ರಕಟಿಸಿದ್ದರು. ಪಾಸ್‌ವರ್ಡ್ ಇಲ್ಲದವರಿಗೂ ಒಳಗಿನ ಫೈಲುಗಳ ಹೆಸರಂತೂ ಕಾಣುತ್ತದೆ. ಹೆಸರಲ್ಲೇ ಯಾರ ಆಧಾರ್ ಅಂತ ಬರೆದಿದ್ದರೆ ಅರ್ಧ ಗುಟ್ಟು ಅಲ್ಲೇ ಹೋಯಿತು.

7-ಜಿಪ್ ಬಳಸಿ:

7ಝಡ್ ಎ -ಪಿ -ಎಂಎಚ್ಇ=ಆನ್ ದಾಖಲೆ.7ಝಡ್ ದಾಖಲೆ

ಇದು ಎಇಎಸ್-256 ಬೀಗ. ಎಂಎಚ್ಇ ಹಾಕಿದ್ದಕ್ಕೆ ಹೆಸರುಗಳೂ ಕಾಣುವುದಿಲ್ಲ. -ಪಿ ಮುಂದೆ ಪಾಸ್‌ವರ್ಡ್ ಬರೆಯಬೇಡಿ, ಖಾಲಿ ಬಿಡಿ, ಅದೇ ಕೇಳುತ್ತದೆ. ಸಾಲಿನಲ್ಲೇ ಬರೆದರೆ ಶೆಲ್ಲಿನ ಹಿಸ್ಟರಿಯಲ್ಲಿ ಉಳಿದುಬಿಡುತ್ತದೆ, ಮೇಲಿನ ಬಾಣ ಒತ್ತಿದವರಿಗೆಲ್ಲ ಸಿಗುತ್ತದೆ. ಪಾಸ್‌ವರ್ಡನ್ನು ಅದೇ ವಾಟ್ಸಾಪ್ ಗುಂಪಿನಲ್ಲಿ ಹಾಕುವುದೂ ಬೇಡ. ಫೋನ್ ಮಾಡಿ ಹೇಳಿ.

ಗಂಟು ಸರಿಯಾಗಿದೆ ಅಂತ ಹೇಗೆ ತಿಳಿಯುವುದು? ಮೂಲ ಯಾವಾಗ ಅಳಿಸಬಹುದು?

ಇದಕ್ಕೆ ಅವಸರ ಬೇಡ. ಮೆಮೊರಿ ಕಾರ್ಡ್ ಖಾಲಿ ಮಾಡುವ ಮುಂಚೆ ಕನಿಷ್ಠ ಇಷ್ಟು ಆಗಲಿ.

ಹಿಂಡಿದ ಫೈಲ್ ಆದರೆ ಜಿಜಿಪ್ -ಟಿ ಅಥವಾ ಎಕ್ಸ್‌ಝಡ್ -ಟಿ ಓಡಿಸಿ. ಜಿಪ್‌ಗೆ ಅನ್‌ಜಿಪ್ -ಟಿ. ಇವು ಒಳಗೇ ಬಿಚ್ಚಿ ನೋಡಿ, ಜೊತೆಗಿಟ್ಟ ಚೆಕ್‌ಸಮ್ (ಫೈಲಿನ ಬೈಟ್‌ಗಳಿಂದ ಲೆಕ್ಕ ಹಾಕಿದ ತಾಳೆ ಸಂಖ್ಯೆ) ತಾಳೆ ನೋಡುತ್ತವೆ. ಜಿಜಿಪ್, ಎಕ್ಸ್‌ಝಡ್ ಏನೂ ಮಾತಾಡದೆ ಮುಗಿದರೆ ಸರಿ ಇದೆ ಅಂತ ಅರ್ಥ. ಅನ್‌ಜಿಪ್ ಮಾತ್ರ ಒಂದೊಂದು ಫೈಲಿಗೂ ಓಕೆ ಅಂತ ತೋರಿಸಿ, ಕೊನೆಗೆ ದೋಷ ಇಲ್ಲ ಅನ್ನುತ್ತದೆ.

ಬರೀ ಟಾರ್ ವಿಷಯ ಬೇರೆ. ಅದರಲ್ಲಿ ತಲೆತುಂಡಿಗೆ (ಪ್ರತಿ ಫೈಲಿನ ಮುಂದೆ ಹೆಸರು, ಗಾತ್ರ ಬರೆದ ತುಂಡು) ಮಾತ್ರ ಚೆಕ್‌ಸಮ್ ಇದೆ, ಒಳಗಿನ ಫೋಟೋಗೆ ಇಲ್ಲ. ಫೋಟೋದ ನಡುವೆ ಒಂದು ಬೈಟ್ ಕೆಟ್ಟರೂ ಟಾರ್ ತುಟಿ ಬಿಚ್ಚುವುದಿಲ್ಲ. ಅದಕ್ಕೆ ಕಟ್ಟಿದ ತಕ್ಷಣ ಮೂಲದ ಜೊತೆ ಹೋಲಿಸಿ:

ಟಾರ್ -ಡಿ -ಎಫ್ ಲಗ್ನ.ಟಾರ್

ಇದನ್ನು ಗಂಟು ಕಟ್ಟಿದ ಜಾಗದಲ್ಲೇ ನಿಂತು ಓಡಿಸಿ. ಫರಕು ಇದ್ದರೆ ಹೇಳುತ್ತದೆ. ಆಮೇಲೆ ಬೆರಳಚ್ಚು ತೆಗೆದಿಡಿ:

ಎಸ್‌ಎಚ್ಎ256ಸಮ್ ಲಗ್ನ.ಟಾರ್ > ಲಗ್ನ.ಎಸ್‌ಎಚ್ಎ256

ಬೇರೆ ಡಿಸ್ಕಿಗೆ ನಕಲು ಮಾಡಿದ ಮೇಲೆ ಅಲ್ಲಿ ಎಸ್‌ಎಚ್ಎ256ಸಮ್ -ಸಿ ಲಗ್ನ.ಎಸ್‌ಎಚ್ಎ256 ಓಡಿಸಿ. ಓಕೆ ಅಂತ ಬಂದರೆ ನಕಲು ಸರಿ. ಎರಡು ಬೇರೆ ಬೇರೆ ಡಿಸ್ಕಿನಲ್ಲಿ ಓಕೆ ಬಂದ ಮೇಲೆ ಮೂಲ ಅಳಿಸಿ. ಒಂದೇ ಡಿಸ್ಕಿನಲ್ಲಿ ಎರಡು ಫೋಲ್ಡರ್ ಮಾಡಿ ಎರಡು ನಕಲಿದೆ ಅನ್ನುವವರಿಗೆ ಏನು ಹೇಳಲಿ?

ಹಳೇ ಹಾರ್ಡ್ ಡಿಸ್ಕ್ ಅಲ್ಲಲ್ಲಿ ಕೆಟ್ಟಿದೆ. ಗಂಟಿನಿಂದ ಏನಾದರೂ ಉಳಿಯುತ್ತಾ?

ಏನು ಬಳಸಿದ್ದಿರಿ ಅನ್ನುವುದರ ಮೇಲೆ. ಜಿಜಿಪ್ ಮಾಡಿದ ಟಾರ್ ನಡುವೆ ಕೆಟ್ಟಿದ್ದರೆ ಕೆಟ್ಟ ಜಾಗದವರೆಗಿನದು ಸಿಗುತ್ತದೆ, ಅಲ್ಲಿಂದ ಮುಂದೆ ಕಷ್ಟ. ಪ್ರತಿ ತುಣುಕೂ ಹಿಂದಿನದನ್ನು ನೆಚ್ಚಿಕೊಂಡಿರುತ್ತದಲ್ಲ. ಬಿಜಿಪ್2 ಹೆಚ್ಚೆಂದರೆ 900 ಕೆಬಿಯ ಬಿಡಿ ಬಿಡಿ ಬ್ಲಾಕುಗಳಾಗಿ ಹಿಂಡುವುದರಿಂದ ಬಿಜಿಪ್2ರಿಕವರ್ ಓಡಿಸಿ ಉಳಿದ ಬ್ಲಾಕು ತೆಗೆಯಬಹುದು. ಜಿಪ್ ಪ್ರತಿ ಫೈಲನ್ನೂ ಬೇರೆ ಬೇರೆ ಹಿಂಡುತ್ತದೆ. ಒಂದು ಹೋದರೆ ಅದೊಂದೇ ಹೋಯಿತು. ಹಿಂಡದ ಟಾರ್ ಎಲ್ಲಕ್ಕಿಂತ ಗಟ್ಟಿ. ಕೆಟ್ಟ ಜಾಗ ದಾಟಿ ಮುಂದಿನ ತಲೆತುಂಡು ಹುಡುಕಿಕೊಂಡು ಅಲ್ಲಿಂದ ಮುಂದುವರಿಯುತ್ತದೆ. ಫೋಟೋಗೆ ಬರೀ ಟಾರ್ ಸಾಕು ಅಂತ ಮೇಲೆ ಹೇಳಿದ್ದು ಇದಕ್ಕೇ.

ಮುಂಜಾಗ್ರತೆ ಬೇಕೆಂದರೆ ಪಾರ್2 ಇದೆ. ಪಾರ್2 ಕ್ರಿಯೇಟ್ -ಆರ್10 ಲಗ್ನ.ಟಾರ್ ಅಂದರೆ ನೂರಕ್ಕೆ ಹತ್ತು ಪಾಲು ಹೆಚ್ಚುವರಿ ಮಾಹಿತಿ ಪಕ್ಕದಲ್ಲಿಡುತ್ತದೆ. ಸುಮಾರು ಅಷ್ಟು ಕೆಟ್ಟರೂ ಪಾರ್2 ರಿಪೇರ್ ಸರಿ ಮಾಡಿಕೊಡುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ, ಕಿಟಕಿ ಪಕ್ಕ ಧೂಳು ತಿನ್ನುತ್ತಾ ಕೂತ ಡಿಸ್ಕಿಗೆ ಇದು ಅತಿ ಅನಿಸುವುದಿಲ್ಲ.

ದೊಡ್ಡ ಗಂಟಿನಿಂದ ಒಂದೇ ಫೋಟೋ ಬೇಕು.

ಮೊದಲು ಟಾರ್ -ಟಿ -ಎಫ್ ಹಾಕಿ ಪಟ್ಟಿ ನೋಡಿ. ಅಲ್ಲಿ ಹೆಸರು ಹೇಗಿದೆಯೋ ಹಾಗೇ, ಫೋಲ್ಡರ್ ಸಮೇತ, ಟಾರ್ -ಎಕ್ಸ್ -ಎಫ್ ಕಮಾಂಡಿನ ಕೊನೆಗೆ ಬರೆಯಿರಿ. ಟಾರ್‌ಗೆ ಪರಿವಿಡಿ ಇಲ್ಲ, ಮೊದಲಿಂದ ಓದಿಕೊಂಡೇ ಬರಬೇಕು. ಹಿಂಡಿದ್ದಾದರೆ ಬಿಚ್ಚಿಕೊಂಡೇ ಬರಬೇಕು. ಜಿಪ್‌ಗೆ ಕೊನೆಯಲ್ಲಿ ಪರಿವಿಡಿ ಇದೆ, ನೇರ ಹೋಗಿ ತೆಗೆಯುತ್ತದೆ. ಆಗಾಗ ಒಂದೊಂದೇ ತೆಗೆಯುವುದಿದ್ದರೆ ಜಿಪ್ -0 ವಾಸಿ.

ಬೇರೆಯವರು ಕೊಟ್ಟ ಗಂಟು ಬಿಚ್ಚುವುದು ಅಪಾಯಾನಾ?

ಖಾಲಿ ಫೋಲ್ಡರಿನಲ್ಲಿ ಬಿಚ್ಚಿ. ಕೆಲವರು ಫೋಲ್ಡರ್ ಇಲ್ಲದೆ ಬಿಡಿ ಫೈಲುಗಳನ್ನೇ ಕಟ್ಟಿರುತ್ತಾರೆ, ಡೆಸ್ಕ್‌ಟಾಪ್ ತುಂಬ ಚೆಲ್ಲಾಡುತ್ತದೆ. ಅದೇ ಹೆಸರಿನ ನಿಮ್ಮ ಫೈಲ್ ಇದ್ದರೆ ಅದರ ಮೇಲೇ ಬರೆದುಬಿಡುತ್ತದೆ. ಉಬ್ಬುವ ಗಂಟುಗಳೂ ಇವೆ. 42 ಡಾಟ್ ಜಿಪ್ ಎಂಬ ಪ್ರಸಿದ್ಧ ಫೈಲ್ 42 ಕೆಬಿ, ಒಳಗಿನ ಜಿಪ್‌ಗಳನ್ನೆಲ್ಲ ಪೂರ್ತಿ ಬಿಚ್ಚಿದರೆ 4.5 ಪೆಟಾಬೈಟ್.

ಎಕ್ಸ್‌ಝಡ್‌ನಲ್ಲಿ ಕಳ್ಳಬಾಗಿಲು ಇತ್ತಂತೆ?

ಇತ್ತು. 5.6.0 ಮತ್ತು 5.6.1 ಆವೃತ್ತಿಗಳಲ್ಲಿ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬಯಲಿಗೆಳೆದರು. ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಹೋಗುವ ದಾರಿ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡ ಆಗುತ್ತಿದೆಯಲ್ಲ ಅಂತ ಕೆದಕಲು ಹೋಗಿ ಸಿಕ್ಕಿದ್ದು. ವರ್ಷಗಟ್ಟಲೆ ಸಹಾಯಕನ ಹಾಗೆ ನಟಿಸಿ ನಂಬಿಕೆ ಗಳಿಸಿದ ಒಬ್ಬಾತ ಅದನ್ನು ಸೇರಿಸಿದ್ದ. ಗುರಿ ಇದ್ದದ್ದು ಸರ್ವರ್ ಲಾಗಿನ್ ಮೇಲೆ, ನಿಮ್ಮ ಎಕ್ಸ್‌ಝಡ್ ಫೈಲ್‌ಗಳ ಮೇಲಲ್ಲ. ಎಕ್ಸ್‌ಝಡ್ --ವರ್ಷನ್ ಹಾಕಿ ನೋಡಿ. ಆ ಎರಡು ಇಲ್ಲದಿದ್ದರೆ ನಿಶ್ಚಿಂತೆ.

ರಾರ್ (ಜಿಪ್‌ನಂಥದ್ದೇ ಇನ್ನೊಂದು ಬಗೆ) ಮಾಡಬಹುದಾ?

ಬಂದರೆ ಅನ್‌ರಾರ್‌ನಿಂದ ಬಿಚ್ಚಿ. ನೀವಾಗಿ ಮಾಡಲು ರೊಕ್ಕ ಕೊಟ್ಟು ಲೈಸೆನ್ಸ್ ತಗೋಬೇಕು. 7-ಜಿಪ್ ಪುಕ್ಕಟೆ ಇರುವಾಗ ಯಾಕೆ ಬೇಕು?

ಗಂಟು ಕಟ್ಟುತ್ತಿರುವಾಗಲೇ ಕರೆಂಟ್ ಹೋಯ್ತು. ಯುಪಿಎಸ್ ಕೂಡ ಕೈಕೊಟ್ಟಿತು.

ಅರ್ಧ ಬರೆದ ಫೈಲ್ ಡಿಸ್ಕಿನಲ್ಲಿ ಉಳಿದಿರುತ್ತದೆ. ತೊಂದರೆ ಏನೆಂದರೆ ಅದರ ಹೆಸರು ಪೂರ್ತಿ ಫೈಲಿನ ಹಾಗೇ ಇರುತ್ತದೆ. ನಾಳೆ ಬೆಳಿಗ್ಗೆ ನೋಡಿದ ಹುಡುಗ ಬ್ಯಾಕಪ್ ಆಗಿದೆ ಅಂತ ಮೂಲ ಅಳಿಸಿದರೆ ಕೆಲಸ ಕೆಟ್ಟಿತು. ಹಾಗಾಗಿ ಮೊದಲು ಬೇರೆ ಹೆಸರಿಗೆ ಕಟ್ಟಿ, ಮುಗಿದ ಮೇಲೆ ಹೆಸರು ಬದಲಿಸಿ:

ಟಾರ್ -ಸಿ -ಎಫ್ ಲಗ್ನ.ಅರ್ಧ ಲಗ್ನ && ಎಂವಿ ಲಗ್ನ.ಅರ್ಧ ಲಗ್ನ.ಟಾರ್

ನಡುವಿನ ಎರಡು ಚಿಹ್ನೆಗೆ "ಹಿಂದಿನದು ಸರಿಯಾಗಿ ಮುಗಿದರೆ ಮಾತ್ರ ಮುಂದಿನದು ಮಾಡು" ಅಂತ ಅರ್ಥ. ಕರೆಂಟ್ ಬಂದ ಮೇಲೆ "ಅರ್ಧ" ಅಂತ ಹೆಸರಿರುವ ಫೈಲ್ ಕಂಡರೆ ಅಳಿಸಿ, ಅದೇ ಸಾಲನ್ನು ಇನ್ನೊಮ್ಮೆ ಓಡಿಸಿ.